ಎರಡು ಸಾಲಿನಷ್ಟು ಹೊತ್ತು

ಏಪ್ರಿಲ್ 6, ಸೋಮವಾರ

ಈ ಡೈರಿ ಹೋದ ವರ್ಷದ್ದು. ನಮ್ಮ ಮುದ್ರಣಾಲಯದಲ್ಲಿ ಮಾರಾಟವಾಗದೆ ಉಳಿದದ್ದನ್ನು ಕರಡು ತಿದ್ದುವವರಿಗೆ ಹಂಚಿದರು. ವಾರಗಳೆಲ್ಲ ಒಂದೊಂದು ದಿನ ಹಿಂದೆ. ತಪ್ಪು ಕಂಡರೆ ಕೈ ಸುಮ್ಮನಿರದ ಜಾತಿ ನನ್ನದು. ವಾರವನ್ನು ಹೊಡೆದು ತಿದ್ದಿಯೇ ಮುಂದಿನ ಮಾತು.

ಬೆಳಿಗ್ಗೆ ಹೊರಟೆವು. ಇದನ್ನು ಪ್ರವಾಸ ಎಂದು ಕರೆಯಬೇಕೆಂದು ಇವರ ಅಪ್ಪಣೆ. ಹೋದ ತಿಂಗಳು ಇವರು ಓಡಿಸುತ್ತಿದ್ದ ಸಿಟಿ ಬಸ್ಸು ಡಿಪೋ ಗೇಟಿನ ಕಂಬಕ್ಕೆ ಒರಗಿತು. ಒರಗಿತು ಅನ್ನುವುದು ಇವರ ಮಾತು. ಕಂಬ ಬಿದ್ದೇ ಹೋಗಿದೆ. ಪುಣ್ಯಕ್ಕೆ ಬಸ್ಸು ಖಾಲಿ ಇತ್ತು. "ಬಿಸಿಲು ಕಣ್ಣಿಗೆ ಹೊಡೀತು" ಎಂದರು. ಡಿಪೋದವರು ಬಲವಂತದ ರಜೆ ಕೊಟ್ಟು, ಇಪ್ಪತ್ತನೇ ತಾರೀಕು ವೈದ್ಯಕೀಯ ಪರೀಕ್ಷೆಗೆ ಬನ್ನಿ, ಪಾಸಾದರೆ ಮಾರನೆ ದಿನದಿಂದಲೇ ಬಸ್ಸು ಹತ್ತಿ ಎಂದು ಕಳಿಸಿದ್ದಾರೆ. ಮನೆಯಲ್ಲಿ ಕೂತು ಗೋಡೆ ನೋಡಲಾರೆ ಎಂದು ಇವರು ಸಮುದ್ರ ನೋಡಲು ಹೊರಟಿದ್ದಾರೆ. ಗೋಡೆಯಾದರೆ ಬಿಟ್ಟಿ.

ತಂಗಿಯ ಗಂಡ ತನ್ನ ಟ್ರೇಲರನ್ನು ಕೊಟ್ಟ. ಕಾರಿನ ಬಾಲಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಇಬ್ಬರ ಹಾಸಿಗೆ, ಒಂದು ಒಲೆ, ಸೊಂಟ ತಿರುಗಿಸಿದರೆ ತಗಲುವ ಒಂದು ಸಿಂಕು, ಕಿಟಕಿಗೆ ತಂಗಿ ಹೊಲಿದ ಹೂವಿನ ಪರದೆ. ನಾನು ಅದನ್ನು ಡಬ್ಬಿ ಎನ್ನುತ್ತೇನೆ, ತಂಗಿಯ ಎದುರಿಗಲ್ಲ.

ಅಟ್ಟವಿಲ್ಲದ ಮನೆಗೆ ಎರಡೇ ಚಕ್ರ,
ಮುಟ್ಟಿದಲ್ಲೆಲ್ಲ ಗೋಡೆ, ಮಲಗಿದರೆ ವಕ್ರ.

ಹೊರಡುವಾಗ ತಂಗಿಯ ಗಂಡ ಇವರಿಗೆ ಹೇಳಿದ: "ಭಾವ, ಇದು ಬಸ್ಸಲ್ಲ. ಇಳಿಜಾರಲ್ಲಿ ಬಾಲ ಆಡಿಸಿದ್ರೆ ದಡಕ್ಕನೆ ಬ್ರೇಕ್ ತುಳೀಬೇಡಿ."

"ನಿಂಗೆ ಮೀಸೆ ಮೂಡೋ ಮುಂಚೆ ನಾನು ಸ್ಟೇರಿಂಗ್ ಹಿಡಿದೋನು ಕಣಪ್ಪ" ಎಂದು ಇವರು ಕಾರು ಎಬ್ಬಿಸಿದರು.

ಸಂಜೆ, ಇಂಥ ಗಾಡಿಗಳು ತಂಗುವ ಮೊದಲ ಬಿಡಾರದಲ್ಲಿ, ಮೀಸೆಯ ಮರ್ಯಾದೆ ಹೋಯಿತು. ಡಬ್ಬಿಯನ್ನು ನಮಗೆ ಕೊಟ್ಟ ಜಾಗಕ್ಕೆ ಹಿಂದೆ ಹಾಕಬೇಕಿತ್ತು. ಬಸ್ಸಿನ ಬಾಲ ಸ್ಟೇರಿಂಗ್ ತಿರುಗಿಸಿದ ಕಡೆಗೇ ಹೋಗುತ್ತದಂತೆ. ಡಬ್ಬಿ ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ಸಂಸಾರ ಮಾಡಿದ್ದೇನೆ. ಆದರೆ ಇವರ ಕೈಗಳಿಗೆ ಇಪ್ಪತ್ತು ವರ್ಷದ ಬಸ್ಸಿನ ರೂಢಿ. ಕಾರೂ ಡಬ್ಬಿಯೂ ಮಡಚಿದ ಮೊಣಕೈಯಂತೆ ನಿಂತವು. ಅಕ್ಕಪಕ್ಕದವರೆಲ್ಲ ಚಹಾ ಲೋಟ ಹಿಡಿದು ಸಿನಿಮಾಕ್ಕೆ ಬಂದವರಂತೆ ಕೂತರು. ಕೊನೆಗೆ ಕೊಂಡಿ ಕಳಚಿ ಇಬ್ಬರೂ ಕೈಯಲ್ಲೇ ತಳ್ಳಿದೆವು.

"ನಾನೊಂದು ಸಲ ನೋಡ್ಲಾ?" ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನಗೂ ಲೈಸೆನ್ಸ್ ಇದೆ. ಇವರು ಡ್ಯೂಟಿಗೆ ಹೋದಾಗ ಮಾರುಕಟ್ಟೆಗೆ, ಆಸ್ಪತ್ರೆಗೆ ಕಾರು ತೆಗೆಯುತ್ತೇನೆ. ಇವರು ಪಕ್ಕದಲ್ಲಿ ಕೂತರೆ ಮಾತ್ರ ಕ್ಲಚ್ ಯಾವುದು ಬ್ರೇಕ್ ಯಾವುದು ಕಾಲಿಗೆ ಮರೆತುಹೋಗುತ್ತದೆ.

ಏಪ್ರಿಲ್ 7, ಮಂಗಳವಾರ

ಇವತ್ತಿನಿಂದ ಕಡಲಿನ ಹೆದ್ದಾರಿ. ಚಿತ್ರದಲ್ಲಿ ನೋಡುವುದಕ್ಕೆ ಬಹಳ ಚೆನ್ನ. ನಾನು ಕೂತಿರುವ ಬದಿಗೆ ಒಂದು ಮೊಣಕಾಲೆತ್ತರದ ಕಟ್ಟೆ, ಅದರಾಚೆ ಗಾಳಿ, ಗಾಳಿಯ ಕೆಳಗೆ ಎಲ್ಲೋ ನೀರು.

ಎಡಕ್ಕೆ ಕಡಲು, ಬಲಕ್ಕೆ ಗಂಡ,
ನಡುವೆ ಕೂತವಳಿಗೆ ಎರಡೂ ಪ್ರಚಂಡ.

ಇದನ್ನು ಮನಸ್ಸಿನಲ್ಲೇ ಕಟ್ಟಿ, ಖುಷಿಯಾಗಿ, ಕಿತ್ತಳೆ ಸುಲಿದು "ಬೇಕಾ?" ಎಂದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಇವರು ರಸ್ತೆಯನ್ನೇ ನೋಡುತ್ತಿದ್ದರು, ಆದರೆ ಬಾಯಿ ಆಗಲೇ ಕಿತ್ತಳೆ ತಿನ್ನುತ್ತಿರುವ ಹಾಗೆ ಚಪ್ಪರಿಸುತ್ತಿತ್ತು. ಎಡಗೈ ಸ್ಟೇರಿಂಗ್ ಬಿಟ್ಟು ಅಂಗಿಯ ಗುಂಡಿಯನ್ನು ಹುಡುಕುತ್ತಿತ್ತು. ಗುಂಡಿ ಹಾಕಿಯೇ ಇತ್ತು. ರಸ್ತೆ ನೇರವಾಗಿತ್ತು.

"ರೀ" ಎಂದೆ. ಇಲ್ಲ. ನನ್ನ ದ್ವಿಪದಿಯನ್ನು ನಿಧಾನಕ್ಕೆ ಇನ್ನೊಮ್ಮೆ ಹೇಳಿ ಮುಗಿಸುವಷ್ಟು ಹೊತ್ತು. ಆಮೇಲೆ ಇವರು, "ಏನ್ ಕೇಳ್ದೆ?" ಎಂದರು.

"ಕಿತ್ತಳೆ."

"ಕೊಡು. ಇದನ್ನ ಕೇಳೋದೇನಿದೆ?"

ಎರಡು ಸಾಲಿನಷ್ಟು ಹೊತ್ತು. ಏನೋ ಯೋಚನೆಯಲ್ಲಿದ್ದರು. ಪರೀಕ್ಷೆಯ ಯೋಚನೆ ಇರಬೇಕು.

ಏಪ್ರಿಲ್ 8, ಬುಧವಾರ

ಯೋಚನೆ ಅಲ್ಲ.

ಬೆಳಿಗ್ಗೆ ಡಬ್ಬಿಯ ಬಾಗಿಲಲ್ಲಿ ನಿಂತು ಇವರು ಚಹಾ ಬಗ್ಗಿಸುತ್ತಿದ್ದರು. ಲೋಟ ತುಂಬಿತು. ಬಗ್ಗಿಸುತ್ತಲೇ ಇದ್ದರು. ಚಹಾ ಕೈಮೇಲೆ ಹರಿದು ಕಾಲಿನ ಮೇಲೆ ಬಿತ್ತು; ಬಿಸಿ ಚಹಾ. ಇವರು ಕಾಲೆಳೆದುಕೊಳ್ಳಲಿಲ್ಲ. ಬಾಯಿ ಅದೇ ಕಿತ್ತಳೆ ತಿನ್ನುತ್ತಿತ್ತು. ಕಣ್ಣು ತೆರೆದೇ ಇತ್ತು. ಮನೆಯಲ್ಲಿ ದೀಪ ಹಾಕಿಟ್ಟು ಜನ ಹೊರಗೆ ಹೋದ ಹಾಗೆ.

ನಾಲ್ಕು ಸಾಲು.

ಆಮೇಲೆ ಹೌಹಾರಿ, "ಥತ್, ಇದನ್ನ ಯಾರು ಚೆಲ್ಲಿದ್ದು?" ಎಂದು ನನ್ನ ಮುಖ ನೋಡಿದರು. ನಾನೇ ಎಂದೆ. ಯಾಕೆ ಹಾಗೆಂದೆ ಗೊತ್ತಿಲ್ಲ. "ಕಣ್ಣು ನೆತ್ತಿ ಮೇಲಿಟ್ಕೊಂಡು ಓಡಾಡ್ತೀಯಲ್ಲ ಪ್ರಾಸಮ್ಮ" ಎಂದು ಬೈದು ಕಾಲಿಗೆ ನೀರು ಸುರಿದುಕೊಂಡರು. ಬೈಸಿಕೊಂಡದ್ದು ಎಷ್ಟೋ ಹಿತವಾಯಿತು.

ಕಂಬದ ದಿನ ಮೋಡ ಕವಿದಿತ್ತು. ಒಗೆದ ಬಟ್ಟೆ ಒಣಗಲಿಲ್ಲವೆಂದು ನಾನು ಗೊಣಗಿದ್ದೆ. ಅದು ಈಗ ನೆನಪಾಗಬೇಕಿತ್ತೆ?

ಏಪ್ರಿಲ್ 9, ಗುರುವಾರ

ಹೊಟ್ಟೆನೋವು ಎಂದು ಸುಳ್ಳು ಹೇಳಿ ಹಾಸಿಗೆ ಹಿಡಿದಿದ್ದೇನೆ. ಕಾರಿನ ಕೀಲಿ ಅಕ್ಕಿ ಡಬ್ಬಿಯಲ್ಲಿ. ಇವರು ಹೊರಗೆ ಬಂಡೆಯ ಮೇಲೆ ಕೂತು ಅಲೆಗಳಿಗೆ ಕಲ್ಲೆಸೆಯುತ್ತಿದ್ದಾರೆ. ಪರದೆ ಸರಿಸಿ ಆಗಾಗ ನೋಡುತ್ತೇನೆ. ಕೈ ಎಸೆಯುತ್ತಿದ್ದರೆ ಸರಿ, ನಿಂತರೆ ನನ್ನ ಉಸಿರೂ ನಿಲ್ಲುತ್ತದೆ.

ಇಪ್ಪತ್ತನೇ ತಾರೀಕು ಏನು ಮಾಡುತ್ತಾರೆಂದು ಗೊತ್ತು, ಎರಡು ವರ್ಷಕ್ಕೊಮ್ಮೆ ಮಾಡುವುದೇ. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಬೆರಳು ಮೂಗಿಗೆ ಮುಟ್ಟಿಸಿ ಎನ್ನುತ್ತಾರೆ. ಇವರು ಎಲ್ಲದರಲ್ಲೂ ಪಾಸು. ಮಾರನೆ ದಿನ ಬೆಳಗಿನ ಶಾಲೆ ಟ್ರಿಪ್ಪು. ಸೇತುವೆ ದಾಟಿ ಹೋಗುವ ರೂಟು. ಸೀಟು ತುಂಬಿ ಉಳಿದ ಮಕ್ಕಳು ನಿಂತಿರುತ್ತವೆ.

ಇವರ ಬಾಯಿ ಚಪ್ಪರಿಸುವುದನ್ನು ನೋಡಿದವಳು ಲೋಕದಲ್ಲಿ ನಾನೊಬ್ಬಳೇ. ಹೇಳಿದರೆ ಇವರ ಬಸ್ಸು ಹೋಯಿತು. ಬಸ್ಸು ಹೋದರೆ ಇವರಲ್ಲಿ ಉಳಿಯುವುದೇನು? ಮನೆಯಲ್ಲಿ ಕುರ್ಚಿಗೆ ಕೂತಾಗಲೂ ಎಡಪಾದ ಕ್ಲಚ್ಚಿನ ಮೇಲಿರುವ ಮನುಷ್ಯ. ಹೇಳದಿದ್ದರೆ ಸೇತುವೆ.

ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಮಜಾನಾ? ಡಬ್ಬಿ ಹೇಗಿದೆ?" ಎಂದಳು. ಡಬ್ಬಿ! ಯಾರು ಹೇಳಿದರೋ. ಮಜಾ ಎಂದೆ. "ಧ್ವನಿ ಯಾಕೆ ಹಾಗಿದೆ?" ಹೊಟ್ಟೆನೋವು ಎಂದೆ. ಒಂದು ಸುಳ್ಳನ್ನು ಎರಡು ಕಡೆ ಬಳಸಿದರೆ ಖರ್ಚು ಕಡಿಮೆ.

ಏಪ್ರಿಲ್ 10, ಶುಕ್ರವಾರ

ಕೇಳಿಯೇಬಿಟ್ಟೆ. ಮಾತು ಹೇಗೆ ಶುರುಮಾಡಬೇಕೆಂದು ಹಿಂದಿನ ದಿನವೆಲ್ಲ ಕರಡು ತಿದ್ದಿದ್ದು ನೀರಿಗೆ ಹೋಯಿತು.

"ರೀ, ನಿಮಗೆ ಮಧ್ಯೆ ಮಧ್ಯೆ ಏನೋ ಆಗ್ತಾ ಇದೆ."

"ಏನಾಗ್ತಿದೆ?"

"ಇಲ್ಲೇ ಇರ್ತೀರಿ, ಇರೋದಿಲ್ಲ."

"ಇದೇನು ಒಗಟಾ? ಇನ್ನೂ ಸ್ವಲ್ಪ ಪ್ರಾಸ ಸೇರಿಸಿ ಹೇಳು."

"ತಮಾಷೆ ಅಲ್ಲ. ಮೊನ್ನೆ ಚಹಾ ಚೆಲ್ಲಿದ್ದು ನಾನಲ್ಲ, ನೀವು."

ಇವರು ನಕ್ಕರು. ಆಮೇಲೆ ನಗು ನಿಂತಿತು. "ಆವತ್ತು ನಾನೇ ಅಂದೆ, ಇವತ್ತು ನೀವೇ ಅಂತೀಯ. ಮನಸ್ಸಲ್ಲಿ ಏನಿದೆ ನೇರವಾಗಿ ಹೇಳು. ಕಂಬ ತಾನೇ? ಡಿಪೋದಲ್ಲಿ ಹುಡುಗರು ನನ್ನ ಬೆನ್ನ ಹಿಂದೆ ಕಂಬದ ಮಾವ ಅಂತಾರಂತೆ. ಈಗ ಮನೇಲೂ ಶುರುವಾಯ್ತಾ?"

ನನ್ನ ಆ ಒಂದು ಸುಳ್ಳು ನನ್ನ ಕಾಲಿಗೇ ಸುತ್ತಿಕೊಂಡಿತು. ಇವರೇ ಅಕ್ಕಿ ಅಳೆಯಲು ಹೋಗಿ ಕೀಲಿ ಕಂಡು, "ಇದು ಇಲ್ಲಿ ಹೇಗೆ ಬಂತು?" ಎಂದು ಕೇಳಿ, ನನ್ನ ಮುಖ ನೋಡಿ, ಮತ್ತೆ ಕೇಳದೆ ಜೇಬಿಗಿಳಿಸಿದರು.

ಹೊರಟೆವು. ನನಗೊಂದು ಉಪಾಯ ಹೊಳೆಯಿತು. ದಾರಿಯುದ್ದ ಇವರನ್ನು ಮಾತಾಡಿಸುತ್ತಲೇ ಇರುವುದು. ನಾನೊಂದು ಸಾಲು, ಇವರೊಂದು ಸಾಲು, ಕೊನೆಯ ಅಕ್ಷರ ಕೂಡಬೇಕು. ಉತ್ತರ ಬಂತೆಂದರೆ ಇವರು ಇದ್ದಾರೆ.

"ಬಂಡೆಯ ಮೇಲೆ ಕೂತಿದೆ ಹಕ್ಕಿ—"

"ಮಧ್ಯಾಹ್ನಕ್ಕೆ ಬೇಯಿಸು ಅಕ್ಕಿ."

"ಮೋಡ ಕವಿದರೆ ಸಮುದ್ರ ಕಪ್ಪು—"

"ಗಂಡನ್ನ ಅನುಮಾನಿಸೋದು ತಪ್ಪು."

ಪ್ರಾಸ ಕಲಿತುಬಿಟ್ಟರಲ್ಲ! ಬಿ.ಎ. ಓದುವಾಗ ಕಂದಪದ್ಯದ ಪ್ರಾಸ ಹುಡುಕಿ ಹುಡುಕಿ ಸುಸ್ತಾದವಳು ನಾನು. ಆದರೂ ಇಷ್ಟು ಆತಂಕದಿಂದ ಪ್ರಾಸಕ್ಕೆ ಕಾದದ್ದು ಇವತ್ತೇ. ಇವರ ಪ್ರತಿಯೊಂದು ಕೆಟ್ಟ ಸಾಲಿಗೂ ಜೀವ ಬಂದ ಹಾಗಾಗುತ್ತಿತ್ತು. ಸಂಜೆ ಹೊತ್ತಿಗೆ ಗಂಟಲು ಒಣಗಿ ಹೋಗಿತ್ತು. ಇವರಿಗೆ ಬಹಳ ಖುಷಿ. "ಇಷ್ಟು ವರ್ಷದಲ್ಲಿ ನೀನು ನನ್ನ ಜೊತೆ ಇಷ್ಟು ಆಡಿರ್ಲಿಲ್ಲ" ಎಂದರು.

ಏಪ್ರಿಲ್ 11, ಶನಿವಾರ

ಇವತ್ತು ಅಕ್ಷರ ಕೋಳಿ ಕೆದಕಿದ ಹಾಗಿದೆ. ಇರಲಿ.

ಘಟ್ಟದಂಥ ಇಳಿಜಾರು. ಬಲಕ್ಕೆ ಕಡಿದ ಗುಡ್ಡ, ಎಡಕ್ಕೆ ಆ ಕಟ್ಟೆ. ಮುಂದೆ ರಸ್ತೆ ಬಲಕ್ಕೆ ಹೊರಳುವುದು ಕಾಣುತ್ತಿತ್ತು, ಹೊರಳಿದ ಮೇಲೆ ಕಾಣುತ್ತಿರಲಿಲ್ಲ. ಆಟ ನಡೆದಿತ್ತು.

"ತಿರುವಿನ ಆಚೆಗೆ ಏನಿದೆ ಕಾಣೆ—" ಎಂದೆ.

ಉತ್ತರ ಬರಲಿಲ್ಲ. ಯೋಚಿಸುತ್ತಿದ್ದಾರೆ ಎಂದುಕೊಂಡೆ. "ಏನಿದೆ ಕಾಣೆ—" ಎಂದೆ, ಸುಳಿವು ಕೊಡುವವಳ ಹಾಗೆ. ನೋಡಿದೆ. ಬಾಯಿ ಚಪ್ಪರಿಸುತ್ತಿತ್ತು. ಕೈ ಗುಂಡಿಯ ಮೇಲಿತ್ತು.

ರಸ್ತೆ ಬಲಕ್ಕೆ ಹೊರಳಿತು. ನಾವು ಹೊರಳಲಿಲ್ಲ.

ಸ್ಟೇರಿಂಗಿಗೆ ಕೈ ಹಾಕಿ ನನ್ನ ಶಕ್ತಿಯೆಲ್ಲ ಬಲಕ್ಕೆ ಎಳೆದೆ. ಕಟ್ಟೆ ನನ್ನ ಬಾಗಿಲಿಗೆ ಉಜ್ಜಿಕೊಂಡು ಹೋಯಿತೋ, ಹೋದ ಹಾಗೆ ಕಂಡಿತೋ. ಹಿಂದೆ ಡಬ್ಬಿ ಬಾಲ ಆಡಿಸಿತು. ಒಂದು ಸಲ ಈಚೆ, ಒಂದು ಸಲ ಆಚೆ, ಕಾರಿನ ಹಿಂಭಾಗವನ್ನು ಹಿಡಿದು ಒಗೆಯುವ ಹಾಗೆ. ಬ್ರೇಕ್ ತುಳೀಬೇಡಿ ಎಂದಿದ್ದ ತಂಗಿಯ ಗಂಡ. ತುಳಿಯಲು ನನ್ನ ಬಳಿ ಬ್ರೇಕ್ ಎಲ್ಲಿತ್ತು? ಹ್ಯಾಂಡ್‌ಬ್ರೇಕನ್ನು ಕಟ್ ಕಟ್ ಎಂದು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ ಗುಡ್ಡದ ಕಡೆಗೆ ಒತ್ತಿದೆ. ರಸ್ತೆಯ ಆಚೆ ಬದಿಯಲ್ಲಿ ಸುರಿದಿದ್ದ ಜಲ್ಲಿ ರಾಶಿಗೆ ಮುಂದಿನ ಚಕ್ರ ಹತ್ತಿತು. ಇಂಜಿನ್ ಕೆಮ್ಮಿ ನಿಂತಿತು. ಎದುರಿಂದ ಹತ್ತಿ ಬರುತ್ತಿದ್ದ ಒಂದು ಲಾರಿ ಕೀಚಲು ಸದ್ದು ಮಾಡಿ ನಮ್ಮ ಮೂಗಿನ ಮುಂದೆ ನಿಂತಿತು.

ಆಗ ಇವರು ಬಂದರು.

"ಏನ್ ಮಾಡ್ದೆ?" ಎಂದರು. "ಏನೇ ಮಾಡ್ದೆ ನೀನು?"

ನನ್ನ ಕೈ ಇನ್ನೂ ಸ್ಟೇರಿಂಗಿನ ಮೇಲಿತ್ತು. ಇವರು ಅದನ್ನೇ ನೋಡುತ್ತಿದ್ದರು. ಇವರ ಲೆಕ್ಕದಲ್ಲಿ ಆಗಿದ್ದಿಷ್ಟೇ: ನೆಟ್ಟಗೆ ಹೋಗುತ್ತಿದ್ದ ಕಾರಿನ ಸ್ಟೇರಿಂಗನ್ನು ಹೆಂಡತಿ ಕಿತ್ತುಕೊಂಡಳು. ನಡುವಿನದು ಇವರ ಬಳಿ ಇಲ್ಲವೇ ಇಲ್ಲ.

ಲಾರಿಯವನು ಇಳಿದು ಬಂದ. "ರೀ ಅಮ್ಮಾ, ಗಂಡ ಹೆಂಡ್ತಿ ಜಗಳ ಮನೇಲಿಟ್ಕೊಳ್ಳಿ. ಓಡೋ ಗಾಡಿ ಸ್ಟೇರಿಂಗ್ ಕಿತ್ಕೋತಾರಾ ಯಾರಾದ್ರೂ? ನಾನು ಕಣ್ಣಾರೆ ನೋಡ್ದೆ!"

"ನೋಡಿದ್ರಾ? ನೀವೇ ನೋಡಿದ್ರಾ?" ಎಂದು ಇವರು ಅವನನ್ನು ಕೇಳಿದರು, ಸಾಕ್ಷಿ ಸಿಕ್ಕವರ ಹಾಗೆ.

ನಾನು ಇಳಿದೆ. "ಮುಂದಕ್ಕೆ ನಾನು ಓಡಿಸ್ತೀನಿ."

"ಈ ಇಳಿಜಾರಲ್ಲಿ? ಡಬ್ಬಿ ಕಟ್ಕೊಂಡು? ಒಂದು ಸಲ ಸಾಯಿಸೋಕೆ ನೋಡಿದ್ದು ಸಾಲ್ದಾ? ಹತ್ತು."

"ಹತ್ತಲ್ಲ."

"ಹತ್ತದೆ?"

"ನಡೀತೀನಿ."

ಕೆಳಗೆ ದೂರದಲ್ಲಿ ಬಿಡಾರದ ಬಿಳಿ ಗಾಡಿಗಳು ಸಕ್ಕರೆ ಚೆಲ್ಲಿದಂತೆ ಕಾಣುತ್ತಿದ್ದವು. ರಸ್ತೆಯ ಬದಿಗೆ ನಡೆದರೆ ಇವರು ಮುಂದೆ ಹೋಗಿಬಿಡುತ್ತಾರೆ, ಮುಂದಿನ ತಿರುವಿನಲ್ಲಿ ಒಬ್ಬರೇ. ಅದಕ್ಕೆ ಕಾರಿನ ಮುಂದೆ, ನಟ್ಟ ನಡುವೆ ನಡೆದೆ. ನಾನು ನಡೆದಷ್ಟೇ ವೇಗಕ್ಕೆ ಇವರು ಬರಬೇಕು. ಮೊದಲನೇ ಗೇರು, ಅದಕ್ಕಿಂತ ಹೆಚ್ಚಿಲ್ಲ. ಭಲೇ ಬುದ್ಧಿ ಎಂದುಕೊಂಡೆ. ಹಿಂದೆ ವಾಹನಗಳ ಸಾಲು ಬೆಳೆಯಿತು. ಒಬ್ಬ ಕಿಟಕಿಯಿಂದ, "ಅಕ್ಕೋ, ಮೆರವಣಿಗೆ ಯಾವ ಊರಿಗೆ?" ಎಂದು ಕೂಗಿದ.

ಒಂದು ತಿರುವು ದಾಟಿದ ಮೇಲೆ ಹೊಳೆಯಿತು. ಯಾರು ಮತ್ತೆ ಇಲ್ಲದಂತಾಗಬಹುದೆಂದು ಹೆದರಿ ಕಾರಿನಿಂದ ಇಳಿದೆನೋ, ಅವರ ಬಂಪರಿನ ಮುಂದೆ ನನ್ನ ಬೆನ್ನನ್ನು ತಂದಿಟ್ಟಿದ್ದೇನೆ.

ಓಡಲಾರೆ. ಓಡಿದರೆ ಕಾರೂ ಜೋರಾಗುತ್ತದೆ. ತಿರುಗಿ ನೋಡಲಾರೆ. ನೋಡಿ, ಬಾಯಿ ಚಪ್ಪರಿಸುವುದು ಕಂಡರೆ? ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡು ನಡೆದೆ. ಇಂಜಿನ್ನಿನ ಸದ್ದು ಒಂದಿಷ್ಟು ಏರಿದರೆ ಕತ್ತಿನ ಕೂದಲು ನಿಮಿರುತ್ತಿತ್ತು, ಇಳಿದರೆ ಇನ್ನೂ ಹೆಚ್ಚು. ಬಿಸಿಗಾಳಿ ಕಾಲಿನ ಮೀನಖಂಡಕ್ಕೆ ತಾಗುತ್ತಿತ್ತು. ಅದು ಇಂಜಿನ್ನಿನದೋ ಸಮುದ್ರದ್ದೋ ತಿಳಿಯಲಿಲ್ಲ. ಚಪ್ಪಲಿಯ ಪಟ್ಟಿ ಕಿತ್ತಿತು. ಅದನ್ನು ಅಲ್ಲೇ ಬಿಟ್ಟೆ. ಅದರ ಮೇಲೆ ಚಕ್ರ ಹತ್ತಿ ಇಳಿದ ಸದ್ದು ಕೇಳಿಸಿತು.

ಏನೂ ಆಗಲಿಲ್ಲ. ಬಿಡಾರ ಬಂತು.

ಇವರು ಕಾರು ನಿಲ್ಲಿಸಿ ಎಷ್ಟೋ ಹೊತ್ತು ಇಳಿಯಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಇಷ್ಟು ವರ್ಷದಲ್ಲಿ ಒಬ್ನೇ ಒಬ್ಬ ಪ್ಯಾಸೆಂಜರ್ ಹೆದರಿ ನನ್ನ ಗಾಡಿಯಿಂದ ಇಳಿದು ನಡೆದಿಲ್ಲ."

ಏಪ್ರಿಲ್ 12, ಭಾನುವಾರ

ಇವರು ಒಂದು ಬದಿ ಮುಖ ಮಾಡಿ ಬ್ರೆಡ್ಡು ತಿಂದರು, ನಾನೊಂದು ಬದಿ. ಡಬ್ಬಿಯಲ್ಲಿ ಇರುವುದೇ ಎರಡು ಬದಿ.

ಏಪ್ರಿಲ್ 13, ಸೋಮವಾರ

ಬೆಳಿಗ್ಗೆ ಇವರೇ ಎಲ್ಲ ಕಟ್ಟಿದರು. ಒಲೆಯ ಸಿಲಿಂಡರ್ ಮುಚ್ಚಿದರು, ಕೊಂಡಿ ಹಾಕಿದರು, ಡಬ್ಬಿಯ ದೀಪದ ವೈರು ಸಿಕ್ಕಿಸಿದರು. ಕಾರಿನ ಬಲಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟರು. ನಾನು ಡಬ್ಬಿಯ ಹಿಂದೆ ನಿಂತಿದ್ದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಂದ ಬಂತು:

"ಹೋಲ್ಡಾನ್!"

ಇವರು ಹಾಗೇ ನಿಂತರು, ಒಂದು ಕಾಲು ಒಳಗೆ, ಒಂದು ಹೊರಗೆ. "ಏನು? ಹಿಂದೆ ಏನಿದೆ?"

"ಏನೂ ಇಲ್ಲ."

"ಮತ್ತೆ ಯಾಕೆ ಕೂಗ್ದೆ?"

"ಏನಿದೆ ಅಂತ ಕೇಳೋ ಮುಂಚೆ ನಿಂತ್ರಲ್ಲ, ಯಾಕೆ?"

"ಯಾಕೆ ಅಂದ್ರೆ? ಕಂಡಕ್ಟರ್ ಹೋಲ್ಡಾನ್ ಅಂದ ಮೇಲೆ ನಿಲ್ಲಲೇಬೇಕು. ಕೇಳೋದು ಬೈಯೋದು ಎಲ್ಲ ಆಮೇಲೆ."

"ಅವನು ಸುಳ್ಳು ಹೇಳಿದ್ರೆ?"

"ಬೇರೆ ಏನು ಬೇಕಾದ್ರೂ ಸುಳ್ಳು ಹೇಳ್ತಾರೆ, ಅದೊಂದು ಹೇಳಲ್ಲ. ಹಿಂದಿನ ಮೆಟ್ಟಿಲ ಮೇಲೆ ಯಾವ ಮುದುಕಿ ಕಾಲಿಟ್ಟಿದ್ದಾಳೆ ಅಂತ ನನಗೆ ಕಾಣುತ್ತಾ? ಅವನಿಗೆ ಕಾಣುತ್ತೆ."

"ಹಾಗಾದ್ರೆ ನಿಮಗೆ ಕಾಣದ್ದು ನನಗೆ ಕಾಣ್ತಿದೆ" ಎಂದೆ. "ಹೋಲ್ಡಾನ್."

ಹೇಳಿದೆ. ಕಿತ್ತಳೆ, ಗುಂಡಿ, ಚಹಾ, ಕಾಲಿನ ಮೇಲಿನ ಬೊಬ್ಬೆ. ಚೆಲ್ಲಿದ್ದು ನಾನೇ ಎಂದು ಯಾಕೆ ಹೇಳಿದೆ ಎಂದೂ ಹೇಳಿದೆ: ಹೆದರಿ. ತಿರುವು ಹೇಳಿದೆ. ಇವರು ಬಾಗಿಲನ್ನು ಹಿಡಿದೇ ನಿಂತಿದ್ದರು.

"ಕಂಬ?" ಎಂದರು.

"ಕಂಬಕ್ಕೆ ಗುದ್ದಿದಾಗ ನಾನಿರ್ಲಿಲ್ಲ. ನೀವು ನೋಡಿದ್ರಾ?"

ಬಹಳ ಹೊತ್ತಾಯಿತು. ಇದೂ ಅದೇ ಏನೋ ಎಂದು ಇವರ ಬಾಯಿಯನ್ನೇ ನೋಡಿದೆ. ಆದರೆ ಇವರ ಕಣ್ಣಲ್ಲಿ ಜನ ಇದ್ದರು.

"ಬಿಸಿಲು ಅಂತ ಎಲ್ಲರಿಗೂ ಹೇಳ್ದೆ" ಎಂದರು. "ಹೇಳಿ ಹೇಳಿ ನಂಗೂ ಹಾಗೇ ಅನ್ನಿಸ್ತು. ಬಿಸಿಲು ನೋಡಿದ ನೆನಪೇ ಇಲ್ಲ. ಗೇಟು ದೂರದಲ್ಲಿತ್ತು. ಆಮೇಲೆ ಕಂಬ ಬಾನೆಟ್ ಮೇಲಿತ್ತು. ಮಧ್ಯೆ ಏನಿತ್ತು ಅಂತ ಹುಡುಕ್ತಾನೇ ಇದೀನಿ." ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, "ಯಾರ ಹತ್ರ ಹೇಳೋದು ಅದನ್ನ?" ಎಂದರು.

ಆಮೇಲೆ ಕಾರನ್ನೂ ಡಬ್ಬಿಯನ್ನೂ ಒಂದು ಸುತ್ತು ಹಾಕಿದರು. ಪ್ರತಿ ಚಕ್ರಕ್ಕೂ ಕಾಲಿನಿಂದ ಒಂದೊಂದು ಗುದ್ದು. ಬೆಳಗಿನ ಟ್ರಿಪ್ಪಿಗೆ ಮುಂಚೆ ಮಾಡುವ ಹಾಗೆ. ಸುತ್ತು ಮುಗಿಸಿ ಎಡಬಾಗಿಲು ತೆಗೆದು ಕೂತರು.

ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಅಷ್ಟು ಬೇಡ. ತಿರುವಿನಲ್ಲಿ ಸ್ವಲ್ಪ ಹೊರಗಿನಿಂದ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಡಬ್ಬಿಯ ಒಳಚಕ್ರ ಗುಡ್ಡಕ್ಕೆ ತಾಗುತ್ತದೆ. ಎದುರು ಗಾಡಿ ಬಂದರೆ ಅವರ ಕಣ್ಣು ನೋಡಬಾರದು, ಜಾಗ ನೋಡಬೇಕು. ಇದನ್ನೆಲ್ಲ ಓಡಿಸುತ್ತಲೇ ಕಲಿತೆ. ಇವರ ಬಲಗಾಲು ಮಾತ್ರ ಅಲ್ಲಿಲ್ಲದ ಬ್ರೇಕನ್ನು ದಾರಿಯುದ್ದ ತುಳಿಯುತ್ತಿತ್ತು. ಒಂದು ಕಡೆ, "ಕಾಲು ತೆಗೀರಿ, ನನಗೆ ಗಾಬರಿಯಾಗುತ್ತೆ" ಎಂದೆ. ತೆಗೆದರು.

ಆಸ್ಪತ್ರೆ ಇರುವ ಪಟ್ಟಣದ ಬಿಡಾರದಲ್ಲಿ ಜಾಗ ಇಕ್ಕಟ್ಟು. ಎರಡು ಸಲಕ್ಕೆ ಡಬ್ಬಿ ಒಳಗೆ ಹೋಯಿತು.

ಏಪ್ರಿಲ್ 15, ಬುಧವಾರ

ಆಸ್ಪತ್ರೆಯಲ್ಲಿ ಇವರ ತಲೆಗೆ ತುಂಬಾ ವೈರು ಅಂಟಿಸಿ ಕಾಗದದ ಮೇಲೆ ಗೆರೆ ಎಳೆಸಿದರು. ಸಣ್ಣದೊಂದು ಬಗೆಯ ಮೂರ್ಛೆರೋಗವಂತೆ. ಬೀಳುವುದಿಲ್ಲ, ಒದ್ದಾಡುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆ ಇದೆ. ಮಾತ್ರೆಗೆ ಬಗ್ಗಬಹುದು, ಬಗ್ಗದೆಯೂ ಇರಬಹುದು. ಬಹಳ ಕಾಲ ನೋಡಿ ಆಮೇಲೆ ಕಾರಿನ ಮಾತು. ಬಸ್ಸು ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ನನ್ನ ತಂಗಿಗಿಂತ ಚಿಕ್ಕವಳು, ಹೇಳುವಾಗ ಅವಳ ಧ್ವನಿಯೇ ಸಣ್ಣಗಾಯಿತು. ಇವರು ಸರಿ ಎಂದು ತಲೆಯಾಡಿಸಿದರು. ಹೊರಗೆ ಬಂದು ಮೋಟು ಗೋಡೆಯ ಮೇಲೆ ಕೂತು ಎದುರಿನ ನಿಲ್ದಾಣದಲ್ಲಿ ಬಂದು ಹೋಗುವ ಬಸ್ಸುಗಳನ್ನು ನೋಡಿದರು. ಒಂದು ಬಸ್ಸು ಜನ ಹತ್ತುವ ಮುಂಚೆಯೇ ಎಳೆದಾಗ "ಥೂ, ಅವಸರಗೇಡಿ" ಎಂದು ಬೈದರು. ನಾನು ಪಕ್ಕದಲ್ಲೇ ಕೂತಿದ್ದೆ.

ನಾಳೆ ಅದೇ ರಸ್ತೆಯಲ್ಲಿ ವಾಪಸು. ಈ ಸಲ ಕಡಲು ಬಲಕ್ಕೆ, ಅಂದರೆ ನಾನು ಕೂರುವ ಕಡೆಗೇ. ಹಿಂದಿನ ಚಕ್ರಗಳಿಗೆ ಗಾಳಿ ಹಾಕಿಸಬೇಕು.

ಒಂದನ್ನು ಬರೆದಿಡಬೇಕು. ಪರೀಕ್ಷೆಗೆಲ್ಲ ಮುಂಚೆ, ಮೊದಲು ಒಳಗೆ ಕರೆದಾಗ, ಡಾಕ್ಟರು ನನ್ನ ಕಡೆ ನೋಡಲೂ ಇಲ್ಲ, ಇವರನ್ನೇ ಕೇಳಿದಳು: "ಹೇಳಿ, ಆ ಹೊತ್ತಲ್ಲಿ ಏನಾಗುತ್ತೆ?" ಇವರು ಬಾಯಿ ತೆರೆದರು. ಬಿಸಿಲು ಎಂದರೆ ಮುಗಿಯಿತು. ಅವಳು ಕಣ್ಣು ಪರೀಕ್ಷಿಸಿ ಕಳಿಸಿಬಿಡುತ್ತಾಳೆ. ಇವರು ಬಾಯಿ ಮುಚ್ಚಿ, ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮೇಜಿನ ಮುಂದೆ ನನಗೆ ಜಾಗ ಮಾಡಿದರು.

"ಇವಳನ್ನ ಕೇಳಿ ಡಾಕ್ಟ್ರೇ" ಎಂದರು. "ಆಗ ನಾನು ಅಲ್ಲಿರಲಿಲ್ಲ."